ಕೋಟೆಗೆ ಹೋದರೆ ಮೊದಲು ನೀರು ಎಲ್ಲಿದೆ ನೋಡಿ

ಕೋಟೆ ನೋಡಲು ಬಂದವರು ಸಾಮಾನ್ಯವಾಗಿ ಸೀದಾ ಮೇಲಕ್ಕೆ ಹತ್ತುತ್ತಾರೆ. ತುತ್ತತುದಿಯ ಬುರುಜಿಗೆ ಹೋಗಿ, ಕೆಳಗಿನ ಊರು, ಕೆರೆ, ಹೊಲ ಎಲ್ಲ ಹಿಂದೆ ಕಾಣುವ ಹಾಗೆ ನಿಂತು ನಾಲ್ಕು ಫೋಟೊ ತೆಗೆಸಿಕೊಂಡು ಇಳಿದುಬಿಡುತ್ತಾರೆ. ಮೇಲಿನ ನೋಟ ಚೆನ್ನಾಗಿಯೇ ಇರುತ್ತದೆ, ಅದನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ಆದರೆ ಯಾವ ಕೋಟೆಗೆ ಹೋದರೂ ನಾನು ಮೊದಲು ಕೇಳುವುದು ಒಂದೇ. ಇಲ್ಲಿ ನೀರು ಎಲ್ಲಿಂದ ಬರುತ್ತಿತ್ತು?

ಯಾಕೆ ಅಂದರೆ, ಗೋಡೆ ಎಷ್ಟೇ ಎತ್ತರ ಇರಲಿ, ಫಿರಂಗಿ ಎಷ್ಟೇ ಇರಲಿ, ಒಳಗೆ ಕುಡಿಯುವ ನೀರು ಇಲ್ಲದಿದ್ದರೆ ಆ ಕೋಟೆಯ ಕಥೆ ಕೆಲವೇ ದಿನಗಳಲ್ಲಿ ಮುಗಿಯಿತು. ಮುತ್ತಿಗೆ ಹಾಕುವವನು ಹೊರಗೆ ಸುಮ್ನೆ ಕೂತರೂ ಸಾಕು. ಕೋಟೆ ಕಟ್ಟಿದವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವರು ತಲೆ ಜಾಸ್ತಿ ಓಡಿಸಿದ್ದು ಬಹಳ ಕಡೆ ಗೋಡೆಗಲ್ಲ, ನೀರಿಗೆ. ನೀರಿನ ದಾರಿ ಹಿಡಿದು ಹೋದರೆ ಕೋಟೆಯ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತಾ ಹೋಗುತ್ತದೆ.

ಇದನ್ನು ನನಗೆ ಕಲಿಸಿದ್ದು ಚಿತ್ರದುರ್ಗ. ಏಳು ಸುತ್ತಿನ ಕೋಟೆ, ಕಲ್ಲಿನ ಕೋಟೆ ಅಂತ ಎಲ್ಲರಿಗೂ ಗೊತ್ತು. ಒಳಗೆ ಹೋದರೆ ಸುತ್ತ ಬರೀ ಬಂಡೆ. ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಗುಂಡುಗಳು, ಅವುಗಳ ನಡುವೆ ಕುರುಚಲು ಗಿಡ, ಮೇಲೆ ಬಿಸಿಲು. ಮಳೆ ಕಡಿಮೆ ಬೀಳುವ ಬಯಲುಸೀಮೆ ಅದು. ಅಂಥ ಕಡೆ ಬೆಟ್ಟದ ಮೇಲೆ ಒಂದು ಊರಿಗೆ ಊರೇ ಬದುಕಿತ್ತು ಅಂದರೆ ಹೇಗೆ?

ಉತ್ತರ ಹೊಂಡಗಳಲ್ಲಿದೆ. ಮೇಲುಗಡೆ ಗೋಪಾಲಸ್ವಾಮಿ ಹೊಂಡ. ಸುತ್ತಲಿನ ಬಂಡೆಗಳ ಮೇಲೆ ಬಿದ್ದ ಮಳೆ ಜಾರಿ ಬಂದು ಅದರೊಳಗೆ ಸೇರುತ್ತದೆ. ಅದು ತುಂಬಿದ ಮೇಲೆ ಕೋಡಿ ನೀರು ಕೆಳಗಿನ ಅಕ್ಕ-ತಂಗಿ ಹೊಂಡಕ್ಕೆ. ಅಲ್ಲಿಂದ ಇನ್ನೂ ಕೆಳಗೆ ಸಿಹಿನೀರು ಹೊಂಡ, ಕೊನೆಗೆ ಊರೊಳಗಿನ ಸಂತೆ ಹೊಂಡ. ಒಂದು ಹನಿಯೂ ಸುಮ್ಮನೆ ಹರಿದು ಹೋಗಬಾರದು ಎಂದು ಲೆಕ್ಕ ಹಾಕಿ ಮಾಡಿದ ಏರ್ಪಾಡು. ಬಂಡೆ ಹಸಿರು ಕೊಡುವುದಿಲ್ಲ, ಆದರೆ ನೀರನ್ನು ಹೀರಿಕೊಳ್ಳುವುದೂ ಇಲ್ಲ. ಬಿದ್ದಷ್ಟೂ ಹರಿದು ಬರುತ್ತದೆ. ಬರಡು ಅಂತ ನಾವು ನೋಡುವ ಆ ಬಂಡೆಗಳೇ ಅವರಿಗೆ ನೀರು ಹಿಡಿಯುವ ಛಾವಣಿ ಆಗಿದ್ದವು.

ಹಾಗೆ ಬಂಡೆಗಳ ಮೇಲೆ ನಡೆಯುವಾಗ ಸ್ವಲ್ಪ ಬಗ್ಗಿ ನೋಡಿ. ಅಲ್ಲಲ್ಲಿ ಒಂದೇ ಸಾಲಿನಲ್ಲಿ ಸಣ್ಣ ಸಣ್ಣ ಗುಂಡಿಗಳು ಕಾಣುತ್ತವೆ. ಬೆರಳು ಹೋಗುವಷ್ಟು ಆಳ, ಒಂದಕ್ಕೊಂದು ಹೆಚ್ಚುಕಡಿಮೆ ಸಮ ಅಂತರ. ಬೆಣೆ ಹೊಡೆದ ಜಾಗ ಅದು. ಸಾಲಾಗಿ ಬೆಣೆ ಇಟ್ಟು ಹೊಡೆಯುತ್ತಾ ಹೋದರೆ ಬಂಡೆ ಆ ಗೆರೆಯಲ್ಲೇ ಸೀಳುತ್ತದೆ. ಕೆಲವು ಕಡೆ ಗುಂಡಿಗಳು ಅರ್ಧ ಮಾತ್ರ ಉಳಿದಿವೆ. ಇನ್ನರ್ಧ ಸೀಳಿಹೋದ ಕಲ್ಲಿನ ಜೊತೆ ಹೋಗಿದೆ, ಈಗ ಯಾವುದೋ ಗೋಡೆಯಲ್ಲಿ ಕೂತಿದೆ. ಇನ್ನೂ ಕೆಲವು ಕಡೆ ಗುಂಡಿ ಕೊರೆದು ಹಾಗೇ ಬಿಟ್ಟಿದ್ದಾರೆ. ಕೊರೆದವನಿಗೆ ಏನು ಅಡ್ಡಿ ಬಂತೋ! ನಾನು ಆ ಗುಂಡಿಗಳಲ್ಲಿ ಬೆರಳಿಟ್ಟು ಎಷ್ಟೋ ಹೊತ್ತು ಕೂತಿದ್ದೇನೆ. ಪಾಳೆಯಗಾರರ ಹೆಸರು ಶಾಸನದಲ್ಲಿದೆ, ಈ ಕಲ್ಲು ಕುಟಿಗನ ಹೆಸರು ಎಲ್ಲೂ ಇಲ್ಲ. ಅವನ ಕೈಗೆಲಸ ಮಾತ್ರ ಇವತ್ತು ಮಾಡಿದಷ್ಟು ಸ್ಪಷ್ಟವಾಗಿ ಕಣ್ಣೆದುರು ಇದೆ.

ಸಹ್ಯಾದ್ರಿಯ ಗಿರಿದುರ್ಗಗಳಲ್ಲಿ ಇನ್ನೊಂದು ಜಾಣತನ ಕಾಣುತ್ತದೆ. ಅಲ್ಲಿ ಬಂಡೆಯಲ್ಲೇ ಕೊರೆದ ನೀರಿನ ತೊಟ್ಟಿಗಳು ತುಂಬಾ ಇವೆ. ತೊಟ್ಟಿ ಕೊರೆದಾಗ ಬಂದ ಕಲ್ಲು ಗೋಡೆಗೆ ಹೋಯಿತು, ಕಲ್ಲು ತೆಗೆದ ಗುಂಡಿ ನೀರಿಗೆ ಆಯಿತು. ಒಂದೇ ಸುತ್ತಿಗೆ ಏಟಿಗೆ ಎರಡು ಕೆಲಸ.

ಓಬವ್ವನ ಕಥೆ ಕೇಳದ ಕನ್ನಡಿಗರು ಇಲ್ಲ. ಗಂಡ ಊಟಕ್ಕೆ ಬಂದಿದ್ದ, ಅವಳು ನೀರು ತರಲು ಹೋದಳು, ಕಿಂಡಿಯಲ್ಲಿ ಶತ್ರುಗಳು ನುಸುಳುವುದು ಕಂಡಿತು, ಒನಕೆ ಹಿಡಿದು ನಿಂತಳು. ಈ ಕಥೆ ಹೇಳುವಾಗ ಎಲ್ಲರೂ ಒನಕೆಯ ಬಗ್ಗೆ ಹೇಳುತ್ತಾರೆ. ಅವಳು ಅಲ್ಲಿಗೆ ಹೋಗಿದ್ದೇ ನೀರಿಗೆ ಅನ್ನುವುದನ್ನು ಯಾರೂ ಗಮನಿಸುವುದಿಲ್ಲ. ಆ ಕಿಂಡಿಯ ಹತ್ತಿರವೇ ತಣ್ಣೀರು ದೋಣಿ ಅನ್ನುವ ನೀರಿನ ತಾಣ ಇದೆ. ಕಿಂಡಿ ನೋಡಿದವರು ಅಷ್ಟರಲ್ಲೇ ತಿರುಗಿ ಬರಬೇಡಿ, ದೋಣಿಯನ್ನೂ ನೋಡಿ. ಎರಡರ ನಡುವೆ ಎಷ್ಟು ದೂರ ಅಂತ ನಿಮ್ಮ ಕಾಲಿಗೇ ಗೊತ್ತಾದರೆ ಕಥೆ ಬೇರೆ ಥರ ಕೇಳಿಸುತ್ತದೆ. 1779ರಲ್ಲಿ ಕೋಟೆ ಕೊನೆಗೂ ಹೈದರ್ ಅಲಿಯ ಕೈಸೇರಿತು. ಆದರೂ ದುರ್ಗದ ಜನ ಮಾತಾಡುವಾಗ ಮೊದಲು ಬರುವುದು ಓಬವ್ವನ ಹೆಸರೇ.

ನೀರು ಹೋದರೆ ಕೋಟೆ ಹೋಯಿತು ಅನ್ನುವುದಕ್ಕೆ ಎಡಿನ್‌ಬರೊ ಕೋಟೆಗಿಂತ ಒಳ್ಳೆಯ ಸಾಕ್ಷಿ ಬೇಡ. ಸ್ಕಾಟ್ಲೆಂಡಿನ ಆ ಕೋಟೆ ಇರುವುದು ಆರಿಹೋದ ಜ್ವಾಲಾಮುಖಿಯ ಗಟ್ಟಿ ಕಲ್ಲಿನ ಮೇಲೆ. ಮೂರು ಕಡೆ ಪ್ರಪಾತ. ರಾಣಿ ಮೇರಿಯ ಪರ ಇದ್ದವರು 1571ರಿಂದ ಅದನ್ನು ಹಿಡಿದು ಕೂತಿದ್ದರು. 1573ರಲ್ಲಿ ಇಂಗ್ಲೆಂಡಿನಿಂದ ದೊಡ್ಡ ಫಿರಂಗಿಗಳು ಬಂದವು. ಗುಂಡಿನ ಏಟಿಗೆ ಡೇವಿಡ್ ಗೋಪುರ ಕುಸಿಯಿತು. ಗೋಡೆ ಬಿದ್ದದ್ದಕ್ಕಿಂತ ದೊಡ್ಡ ಪೆಟ್ಟು ಬೇರೆ ಇತ್ತು. ಕಲ್ಲುಮಣ್ಣು ಒಳಗಿನ ಮುಖ್ಯ ಬಾವಿಯನ್ನು ಮುಚ್ಚಿಹಾಕಿತು. ವರ್ಷಗಟ್ಟಲೆ ಜಗ್ಗದವರು ಆಮೇಲೆ ಬಾಗಿಲು ತೆಗೆಯಲೇಬೇಕಾಯಿತು. ಬಿದ್ದ ಗೋಪುರದ ಮೇಲೆ ಮುಂದೆ ಅರ್ಧಚಂದ್ರಾಕಾರದ ಫಿರಂಗಿ ಅಟ್ಟ ಕಟ್ಟಿದರು. ಇವತ್ತು ಆ ಕೋಟೆಯ ಚಿತ್ರ ನೋಡಿದರೆ ಎದ್ದು ಕಾಣುವ ದುಂಡನೆಯ ಗೋಡೆ ಅದೇ.

ಜರ್ಮನಿಯ ಕೋನಿಗ್‌ಸ್ಟೈನ್ ಕೋಟೆಯವರು ಇಂಥ ದಿನ ಬರಬಾರದು ಎಂದು 16ನೇ ಶತಮಾನದಲ್ಲೇ ಬಂಡೆ ಕೊರೆಯಲು ಶುರುಮಾಡಿದ್ದರು. ನೀರು ಸಿಕ್ಕಲು ಸುಮಾರು ಆರು ವರ್ಷ ಬೇಕಾಯಿತು. ಬಾವಿಯ ಆಳ 152.5 ಮೀಟರ್. ಐವತ್ತು ಮಹಡಿ ಕಟ್ಟಡವನ್ನು ತಲೆಕೆಳಗಾಗಿ ಇಳಿಸಬಹುದು. ಮಣ್ಣಲ್ಲ, ಕಲ್ಲು. ಯಂತ್ರವಲ್ಲ, ಕೈ. ಆ ಕೋಟೆಯ ಕೆಳಗೆ ಎಲ್ಬೆ ನದಿ ಧಾರಾಳವಾಗಿ ಹರಿಯುತ್ತದೆ. ಆದರೆ ಮುತ್ತಿಗೆ ಬಿದ್ದಾಗ ಕಣ್ಣಿಗೆ ಕಾಣುವ ನದಿ ಕೈಗೆ ಸಿಗುವುದಿಲ್ಲ.

ಮುರುಡ್-ಜಂಜೀರಾ ಇದಕ್ಕೆ ಉಲ್ಟಾ. ಸುತ್ತ ನೀರೇ ನೀರು, ಎಲ್ಲ ಉಪ್ಪು. ಕೊಂಕಣದ ಸಮುದ್ರದ ನಡುವಿನ ಬಂಡೆಯ ಮೇಲೆ ಸಿದ್ದಿಗಳು ಆಳಿದ ಕೋಟೆ. ದೋಣಿಯಲ್ಲಿ ಹೋಗುವಾಗ ದೂರದಿಂದ ಬಾಗಿಲು ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಗೋಡೆಗೆ ತೀರಾ ಹತ್ತಿರ ಬಂದಾಗ ಎರಡು ಬುರುಜುಗಳ ನಡುವೆ ಥಟ್ಟನೆ ಕಾಣಿಸಿಕೊಳ್ಳುತ್ತದೆ. ಶಿವಾಜಿ, ಆಮೇಲೆ ಸಂಭಾಜಿ, ಇಬ್ಬರೂ ಪ್ರಯತ್ನಪಟ್ಟರೂ ಅದು ಮರಾಠರಿಗೆ ಸಿಗಲಿಲ್ಲ. ಒಳಗೆ ಎರಡು ದೊಡ್ಡ ಸಿಹಿನೀರಿನ ಕೊಳಗಳಿವೆ. ಫಿರಂಗಿಗಳ ಮುಂದೆ ಜನ ಗುಂಪುಗುಂಪಾಗಿ ನಿಂತಿರುತ್ತಾರೆ, ಕೊಳದ ಹತ್ತಿರ ಬರುವವರು ಕಡಿಮೆ. ನನಗೆ ಮಾತ್ರ ಆ ಕೋಟೆಯ ನಿಜವಾದ ಬಲ ಆ ಕೊಳಗಳೇ ಅನ್ನಿಸುತ್ತದೆ.

ಇನ್ನು ಶ್ರೀರಂಗಪಟ್ಟಣ. ಅಲ್ಲಿ ನೀರೇ ಗೋಡೆ. ಸುತ್ತ ಕಾವೇರಿ. 1791ರ ಮೇ ತಿಂಗಳಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಪಟ್ಟಣದ ಹತ್ತಿರದವರೆಗೂ ಬಂದಿದ್ದ. ಮಳೆ ಹಿಡಿಯಿತು, ದವಸಧಾನ್ಯ ಮುಗಿಯಿತು, ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಕ್ಕೆ ಹೋಗಬೇಕಾಯಿತು. 1799ರಲ್ಲಿ ಬ್ರಿಟಿಷರು ಮಳೆಗಾಲ ಬರುವ ಮೊದಲೇ ಮುಗಿಸಬೇಕೆಂದು ಅವಸರ ಮಾಡಿದರು. ಮೇ 4ರ ಮಧ್ಯಾಹ್ನ, ನದಿ ಬತ್ತಿ ಬಂಡೆಗಳು ಮೇಲೆ ಕಾಣುತ್ತಿದ್ದ ಹೊತ್ತಲ್ಲಿ, ಸೈನಿಕರು ನಡೆದೇ ದಾಟಿ ಒಡೆದ ಗೋಡೆಯೊಳಗೆ ನುಗ್ಗಿದರು. ಟಿಪ್ಪು ಅವತ್ತೇ ಹೋರಾಡುತ್ತಾ ಸತ್ತ. ಬೇಸಿಗೆಯಲ್ಲಿ ಆ ವಾಯವ್ಯ ಮೂಲೆಯ ಗೋಡೆಯ ಮೇಲೆ ನಿಂತು ನದಿ ನೋಡಿ. ಮಳೆಗಾಲದಲ್ಲಿ ಇನ್ನೊಮ್ಮೆ ಬಂದು ಅದೇ ಜಾಗದಲ್ಲಿ ನಿಂತು ನೋಡಿ. ಕೆಲವು ವಾರಗಳ ವ್ಯತ್ಯಾಸ ಒಂದು ರಾಜ್ಯದ ಹಣೆಬರಹವನ್ನೇ ಬದಲಿಸಬಹುದಿತ್ತು ಅನ್ನುವುದು ಕಣ್ಣಿಗೇ ಕಾಣುತ್ತದೆ. ನನಗೆ ಅಲ್ಲಿ ಪ್ರತಿ ಸಲವೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ನೀರೊಂದಿದ್ದರೆ ಎಲ್ಲ ಆಯಿತು ಅಂತಲೂ ಅಲ್ಲ. ಚಿತ್ತೋಡಗಢದಲ್ಲಿ ಗೋಮುಖ ಕುಂಡ ಇದೆ. ಪ್ರಪಾತದ ಅಂಚಿನಲ್ಲಿ ಬಂಡೆಯಿಂದ ಒಸರುವ ನೀರು, ಕೆಳಗೆ ವಿಶಾಲವಾದ ಕೊಳ. ಅಷ್ಟು ನೀರಿದ್ದೂ ಆ ಕೋಟೆ 1303, 1535, 1568ರಲ್ಲಿ ಮೂರು ಸಲ ಬಿತ್ತು. ಕೊನೆಯ ಸಲ ಅಕ್ಬರನ ಜನ ಮೇಲೆ ಮುಚ್ಚಿಗೆ ಇರುವ ದಾರಿ ಕಟ್ಟಿಕೊಂಡು ಗೋಡೆಯ ಬುಡಕ್ಕೆ ಬಂದು ಮದ್ದು ಸಿಡಿಸಿದರು. ಸೋಲು ಖಚಿತವಾದಾಗ ಹೆಂಗಸರು ಬೆಂಕಿಗೆ ಹಾರಿ ಪ್ರಾಣ ಬಿಟ್ಟ ಜೌಹರ್‌ಗಳ ಬಗ್ಗೆ ಅಲ್ಲಿನವರು ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಆ ಜಾಗಗಳಲ್ಲಿ ನಿಂತು ನಗುತ್ತಾ ಸೆಲ್ಫಿ ತೆಗೆಯಲು ನನ್ನಿಂದ ಆಗುವುದಿಲ್ಲ.

ನೀರು ನೋಡಿದ ಮೇಲೆ ನಾನು ಬಾಗಿಲುಗಳ ಕಡೆ ಬರುತ್ತೇನೆ. ಬಾಗಿಲು ನೋಡಲು ನನ್ನದೊಂದು ಪದ್ಧತಿ ಇದೆ. ಪ್ರವಾಸಿಯ ಥರ ಅಲ್ಲ, ಒಳಗೆ ನುಗ್ಗಲು ಬಂದವನ ಥರ ನಡೆಯುವುದು. ಈಗ ನನ್ನ ಮೇಲೆ ಯಾರು ಗುರಿ ಇಟ್ಟಿರಬಹುದು? ಯಾವ ಕಿಂಡಿಯಿಂದ? ನನ್ನ ಹಿಂದೆ ಇನ್ನೂ ನೂರು ಜನ ಇದ್ದರೆ ಈ ಜಾಗದಲ್ಲಿ ಎಷ್ಟು ಜನ ನಿಲ್ಲಬಹುದು? ಹೀಗೆ ಕೇಳಿಕೊಳ್ಳುತ್ತಾ ನಡೆದರೆ ಪ್ರತಿ ತಿರುವಿಗೂ ಒಂದು ಕಾರಣ ಸಿಗುತ್ತದೆ.

ದುರ್ಗದ ಮೊದಲ ಬಾಗಿಲುಗಳನ್ನೇ ನೋಡಿ. ದಾರಿ ನೇರ ಇಲ್ಲ. ಹಾವಿನ ಥರ ಹೊರಳಿ ಹೋಗುತ್ತದೆ. ಅಲ್ಲೇ ಗೋಡೆಯ ಮೇಲೆ ಹೆಡೆ ಬಿಚ್ಚಿದ ಹಾವಿನ ಕೆತ್ತನೆಯೂ ಇದೆ. ಒಂದು ಬಾಗಿಲು ದಾಟಿದವನಿಗೆ ಮುಂದಿನ ಬಾಗಿಲು ಕಾಣುವುದಿಲ್ಲ, ಎದುರಿಗೆ ಬರೀ ಗೋಡೆ. ಆನೆಯನ್ನು ಓಡಿಸಿಕೊಂಡು ಬಂದು ಬಾಗಿಲಿಗೆ ಗುದ್ದಿಸಬೇಕು ಅಂದರೆ ಓಟಕ್ಕೆ ಜಾಗ ಬೇಕು. ಆ ಜಾಗವನ್ನೇ ಇಲ್ಲದ ಹಾಗೆ ಮಾಡಿದ್ದಾರೆ. ಹಳೆಯ ಕೋಟೆಗಳ ಮರದ ಕದಗಳಲ್ಲಿ ಉದ್ದನೆಯ ಕಬ್ಬಿಣದ ಮೊಳೆಗಳು ಹೊರಚಾಚಿರುತ್ತವಲ್ಲ, ಅದೂ ಆನೆಗೇ. ಮೊಳೆಗಳು ಆನೆಯ ಹಣೆಯ ಎತ್ತರಕ್ಕೆ ಇವೆಯಾ ಅಂತ ಒಮ್ಮೆ ತಲೆ ಎತ್ತಿ ನೋಡಿ.

ಬಾಗಿಲಿನ ವಿಷಯದಲ್ಲಿ ನನ್ನನ್ನು ನಿಜಕ್ಕೂ ನಡುಗಿಸಿದ್ದು ದೌಲತಾಬಾದ್. ನಮ್ಮ ಸೇವುಣರ ದೇವಗಿರಿ ಅದು. ಸುಮಾರು 200 ಮೀಟರ್ ಎತ್ತರದ ಒಂಟಿ ಗುಡ್ಡ. ಅದರ ಕೆಳಭಾಗವನ್ನು ಸುತ್ತಲೂ ಗೋಡೆಯಂತೆ ನೆಟ್ಟಗೆ ಕೆತ್ತಿಬಿಟ್ಟಿದ್ದಾರೆ. ಅಂದರೆ ಗೋಡೆ ಕಟ್ಟಿಲ್ಲ, ಗುಡ್ಡವನ್ನೇ ಗೋಡೆ ಮಾಡಿದ್ದಾರೆ. ಸುತ್ತ ಬಂಡೆಯಲ್ಲಿ ಕೊರೆದ ಆಳವಾದ ಕಂದಕ. ದಾಟಲು ಒಂದು ಇಕ್ಕಟ್ಟಾದ ಸೇತುವೆ. ದಾಟಿದ ಮೇಲೆ ಬೆಟ್ಟದ ಹೊಟ್ಟೆಯೊಳಗೆ ಹೋಗುವ ಕತ್ತಲ ದಾರಿ, ಅಂಧೇರಿ ಅನ್ನುತ್ತಾರೆ. ಒಳಗೆ ಕಾಲಿಟ್ಟರೆ ಬಾವಲಿ ವಾಸನೆ ಮುಖಕ್ಕೆ ಹೊಡೆಯುತ್ತದೆ. ಮೆಟ್ಟಿಲುಗಳು ಒಂದೇ ಅಳತೆಯಲ್ಲಿಲ್ಲ, ಒಂದು ಗಿಡ್ಡ, ಒಂದು ಎತ್ತರ, ಕಾಲು ಪ್ರತಿ ಸಲ ತಡವರಿಸುತ್ತದೆ. ದಾರಿ ತಿರುಗುತ್ತಾ ಏರುತ್ತದೆ. ಮೊಬೈಲ್ ಬೆಳಕು ಆರಿಸಿ ಒಂದು ನಿಮಿಷ ನಿಂತರೆ ಮುಂದೆ ಯಾವುದು, ಹಿಂದೆ ಯಾವುದು ಅಂತ ದಿಕ್ಕೇ ತಪ್ಪುತ್ತದೆ. ಮೇಲಿನ ತುದಿಯನ್ನು ಕಬ್ಬಿಣದ ಮುಚ್ಚಳದಿಂದ ಮುಚ್ಚಿ, ಬೆಂಕಿ ಹಾಕಿ, ಹೊಗೆ ತುಂಬಿಸುವ ಏರ್ಪಾಡು ಇತ್ತು. ಅದನ್ನು ಗೈಡ್ ಹೇಳಿದಾಗ ಅಲ್ಲಿದ್ದ ಮಕ್ಕಳೂ ಸುಮ್ಮನಾದರು.

ಇಷ್ಟೆಲ್ಲ ಇದ್ದೂ 1296ರಲ್ಲಿ ಅಲ್ಲಾವುದ್ದೀನ್ ಖಿಲ್ಜಿ ದಾಳಿ ಮಾಡಿದಾಗ ರಾಜ ರಾಮಚಂದ್ರ ಶರಣಾಗಬೇಕಾಯಿತು. ಅವಸರದಲ್ಲಿ ಕೋಟೆಯೊಳಗೆ ಸಾಗಿಸಿದ ಮೂಟೆಗಳಲ್ಲಿ ಧಾನ್ಯ ಇದೆ ಅಂದುಕೊಂಡಿದ್ದರು, ಬಿಚ್ಚಿ ನೋಡಿದರೆ ಉಪ್ಪು ಇತ್ತು ಅಂತ ಹಳೆಯ ಬರಹಗಳಲ್ಲಿದೆ. ನಿಜವೋ, ಆಮೇಲೆ ಹುಟ್ಟಿದ ಮಾತೋ, ಕೋಟೆಯ ಪ್ರಾಣ ಎಲ್ಲಿತ್ತು ಅನ್ನುವುದನ್ನು ಆ ಕಥೆ ಸರಿಯಾಗಿ ಹಿಡಿದಿದೆ. ಕಣಜ ಮತ್ತು ಹೊಂಡ. ಹಾಗಾಗಿ ಎಲ್ಲೇ ಹೋದರೂ ಕಣಜ ತೋರಿಸಿ ಅಂತ ಕೇಳುವುದನ್ನೂ ರೂಢಿ ಮಾಡಿಕೊಂಡಿದ್ದೇನೆ.

ಜಪಾನಿನ ಹಿಮೆಜಿ ಕೋಟೆ ನೋಡಿದರೆ ಇದೇ ಯೋಚನೆ ಬೇರೆ ಊರಿನಲ್ಲಿ, ಬೇರೆ ಕೈಯಲ್ಲಿ ಹೇಗೆ ಅರಳಿತು ಅಂತ ಗೊತ್ತಾಗುತ್ತದೆ. 1609ರಲ್ಲಿ ಮುಗಿದ ಬೆಳ್ಳಗಿನ ಎತ್ತರದ ಕಟ್ಟಡ, ಹಾರಲು ರೆಕ್ಕೆ ಬಿಚ್ಚಿದ ಬೆಳ್ಳಕ್ಕಿಯ ಹಾಗೆ ಇದೆ ಅಂತ ಅಲ್ಲಿನವರು ಅದನ್ನು ಬೆಳ್ಳಕ್ಕಿ ಕೋಟೆ ಅನ್ನುತ್ತಾರೆ. ಕಣ್ಣೆದುರೇ ಕಾಣುತ್ತಿರುತ್ತದೆ, ಆದರೆ ದಾರಿ ಸುತ್ತಿಸುತ್ತಾ, ಬಾಗಿಲ ಮೇಲೆ ಬಾಗಿಲು ದಾಟಿಸುತ್ತಾ, ಒಮ್ಮೊಮ್ಮೆ ಹಿಂದಕ್ಕೇ ಕರೆದುಕೊಂಡು ಹೋಗುತ್ತದೆ. ಗೋಡೆಯಲ್ಲಿ ವೃತ್ತ, ತ್ರಿಕೋನ, ಚೌಕದ ಕಿಂಡಿಗಳು. ನೋಡಲು ಅಲಂಕಾರದ ಹಾಗಿವೆ. ಒಂದೊಂದೂ ಬಿಲ್ಲಿಗೆ, ಬಂದೂಕಿಗೆ ಅಂತ ಮಾಡಿದ್ದು. ಕೋಟೆಗಳಲ್ಲಿ ಚೆಂದ ಕಾಣುವುದರಲ್ಲಿ ಬಹುಪಾಲು ಹೀಗೆ ಕೆಲಸಕ್ಕಾಗಿ ಹುಟ್ಟಿದ್ದೇ.

ನಕ್ಷತ್ರದ ಆಕಾರದ ಕೋಟೆಗಳೂ ಅಷ್ಟೆ. ಸಕಲೇಶಪುರದ ಹತ್ತಿರದ ಮಂಜರಾಬಾದ್ ಕೋಟೆಯ ಮೇಲಿನಿಂದ ತೆಗೆದ ಫೋಟೊ ನೀವು ನೋಡಿರುತ್ತೀರಿ. ಎಂಟು ಮೂಲೆಯ ನಕ್ಷತ್ರ, ಸುತ್ತ ಹಸಿರು ಘಟ್ಟ. ಟಿಪ್ಪು ಕಾಲದಲ್ಲಿ, 1792ರ ಹೊತ್ತಿಗೆ ಮುಗಿದದ್ದು. ಯಾಕೆ ನಕ್ಷತ್ರ? ದುಂಡನೆಯ ಬುರುಜಿನ ಬುಡದಲ್ಲಿ ಒಂದು ಮರೆಯ ಜಾಗ ಉಳಿಯುತ್ತದೆ. ಅಲ್ಲಿ ಬಂದು ಅವಿತ ಶತ್ರು ಮೇಲಿನವರಿಗೆ ಕಾಣುವುದಿಲ್ಲ. ಗೋಡೆಯನ್ನು ಮೂಲೆಮೂಲೆಯಾಗಿ ಮಡಚಿದರೆ ಒಂದು ಮೂಲೆಯಲ್ಲಿ ನಿಂತವನು ಪಕ್ಕದ ಮೂಲೆಯ ಬುಡಕ್ಕೆ ಗುಂಡು ಹೊಡೆಯಬಹುದು. ಫಿರಂಗಿ ಬಂದ ಮೇಲೆ ಯುರೋಪಿನಲ್ಲಿ ಈ ಲೆಕ್ಕಾಚಾರ ಬೆಳೆಯಿತು, ಅಲ್ಲಿಂದ ಇಲ್ಲಿಗೆ ಬಂತು. ಡ್ರೋನ್ ಫೋಟೊದಲ್ಲಿ ನಕ್ಷತ್ರ ಚೆನ್ನಾಗಿ ಕಾಣುತ್ತದೆ ನಿಜ. ಆದರೆ ಅದರ ಒಳಗಿನ ಮರ್ಮ ತಿಳಿಯಬೇಕಾದರೆ ಗೋಡೆಯ ಒಂದು ಮೂಲೆಯ ಕಿಂಡಿಗೆ ಕಣ್ಣಿಟ್ಟು ಪಕ್ಕದ ಮೂಲೆಯನ್ನು ನೋಡಬೇಕು. ಇಂಚಿಂಚೂ ಕಾಣುತ್ತದೆ. ಒಳಗೆ ನಡುವಿನಲ್ಲಿ ಶಿಲುಬೆ ಆಕಾರದ ಮೆಟ್ಟಿಲ ಬಾವಿ ಇದೆ, ಅದನ್ನು ಬಿಡಬೇಡಿ.

ಈಗ ನೋಟದ ವಿಷಯ. ಕೋಟೆಯಿಂದ ಕಾಣುವ ನೋಟಕ್ಕೂ ಬೇರೆ ಬೆಟ್ಟದಿಂದ ಕಾಣುವ ನೋಟಕ್ಕೂ ನನ್ನ ಮಟ್ಟಿಗೆ ವ್ಯತ್ಯಾಸ ಇದೆ. ಕೋಟೆಯವರು ನೋಟವನ್ನು ಆರಿಸಿಕೊಂಡಿದ್ದಾರೆ. ದೂರದಲ್ಲಿ ಧೂಳು ಎದ್ದರೆ ಕಾಣಬೇಕು. ವ್ಯಾಪಾರದ ಗಾಡಿ ಬರುವ ಕಣಿವೆ ಕಾಣಬೇಕು. ಹಾಗಾಗಿ ಮೇಲೆ ನಿಂತಾಗ ಅಬ್ಬಾ ಎಷ್ಟು ಚೆಂದ ಅನ್ನಿಸಿದ ತಕ್ಷಣ, ಇಲ್ಲಿ ನಿಂತವನು ಯಾವ ದಾರಿ ಕಾಯುತ್ತಿದ್ದ ಅಂತ ಹುಡುಕಿ. ಹೆಚ್ಚಿನ ಸಲ ಇವತ್ತಿನ ಹೆದ್ದಾರಿ ಅದೇ ದಾರಿಯಲ್ಲಿ ಇರುತ್ತದೆ. ಮಂಜರಾಬಾದಿನ ಕೆಳಗೆ ಮಂಗಳೂರು ರಸ್ತೆ ಈಗಲೂ ಹಾಗೇ ಹೋಗುತ್ತದೆ.

ನೋಟ ಕೆಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಬಳ್ಳಾರಿ ಕೋಟೆಯ ಕಥೆ ಇದೆ. ಹೈದರನಿಗಾಗಿ ಕೋಟೆ ಕಟ್ಟಿಸಿದ ಫ್ರೆಂಚ್ ಇಂಜಿನಿಯರ್ ಎದುರಿನ ಕುಂಬಾರ ಗುಡ್ಡ ಇನ್ನೂ ಎತ್ತರ ಇರುವುದನ್ನು ಗಮನಿಸಲಿಲ್ಲವಂತೆ, ಅದಕ್ಕೆ ಅವನನ್ನು ಗಲ್ಲಿಗೇರಿಸಿದರಂತೆ. ಜನ ಹೇಳುವ ಕಥೆ ಇದು. ಕಥೆ ಅಂತಲೇ ಕೇಳಿದರೂ ಮೇಲೆ ನಿಂತು ಎದುರಿನ ಗುಡ್ಡ ನೋಡಿದಾಗ ಆ ಇಂಜಿನಿಯರನ ಬಗ್ಗೆ ಅಯ್ಯೋ ಅನ್ನಿಸುತ್ತದೆ.

ಹಸಿರು ಬೇಕು ಅನ್ನುವವರು ಕುಮಟಾ ಹತ್ತಿರದ ಮಿರ್ಜಾನಿಗೆ ಮಳೆ ಬಿಟ್ಟ ಮೇಲೆ ಹೋಗಿ. ಜಂಬಿಟ್ಟಿಗೆ ಕಲ್ಲಿನ ಗೋಡೆಗಳಿಗೆ ಪಾಚಿ ಹಿಡಿದು ಇಡೀ ಕೋಟೆ ಮಖಮಲ್ಲಿನ ಹಸಿರಾಗಿರುತ್ತದೆ. ಕರಿಮೆಣಸಿನ ರಾಣಿ ಎಂದು ಪೋರ್ಚುಗೀಸರು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರು ಅದರ ಜೊತೆ ಸೇರಿಕೊಂಡಿದೆ. ಬೀದರ್‌ಗೆ ಹೋದರೆ ಜಂಬಿಟ್ಟಿಗೆಯ ಇನ್ನೊಂದು ಮುಖ. ಅಲ್ಲಿ ಕೋಟೆಯ ಒಂದು ಭಾಗದಲ್ಲಿ ಬಂಡೆಯಲ್ಲೇ ಕಡಿದ ಮೂರು ಸಾಲು ಕಂದಕ ಇದೆ. ಊರ ಹೊರಗೆ ನೆಲದಡಿಯಲ್ಲಿ ನೀರು ಸಾಗಿಸುತ್ತಿದ್ದ ಕರೇಜ್ ಸುರಂಗಗಳಿವೆ, ಪರ್ಷಿಯಾದಿಂದ ಬಂದ ವಿದ್ಯೆ. ಒಳಗಿನ ರಂಗೀನ್ ಮಹಲಿನಲ್ಲಿ ಕಪ್ಪು ಕಲ್ಲಿನ ಮೇಲೆ ಕೂರಿಸಿದ ಮುತ್ತಿನ ಚಿಪ್ಪು ಇವತ್ತಿಗೂ ಹೊಳೆಯುತ್ತದೆ.

ಜನ ಇನ್ನೂ ವಾಸ ಮಾಡುತ್ತಿರುವ ಕೋಟೆ ನೋಡಬೇಕೆಂದರೆ ಜೈಸಲ್ಮೇರ್. 1156ರಲ್ಲಿ ಶುರುವಾದದ್ದು. ಮರುಭೂಮಿ, ನೀರಿಗೆ ಬರ, ಅಳೆದು ಸುರಿದು ಬಳಸಿದ ಜನ. ಆ ಅಳತೆಯ ಮೇಲೇ ಕೋಟೆ ಎಂಟು ಶತಮಾನ ನಿಂತಿತ್ತು. ಆಮೇಲೆ ನಲ್ಲಿ ಬಂತು. ಮನೆಗಳು ಹೋಟೆಲುಗಳಾದವು. ಚರಂಡಿಯಿಂದ ಸೋರಿದ ನೀರು ಕೆಳಗಿನ ಮೆತ್ತನೆಯ ಮಣ್ಣಿಗೆ ಇಳಿಯಿತು. ಬುರುಜುಗಳು ಕುಸಿದವು. ಮುತ್ತಿಗೆಗಳನ್ನು ತಡೆದ ಗೋಡೆ ಬಚ್ಚಲ ನೀರಿಗೆ ಬಿತ್ತಲ್ಲ ಅಂತ ಓದಿದಾಗ ತುಂಬಾ ನೋವಾಯಿತು. ಅಲ್ಲಿಗೆ ಹೋಗುವವರು ಕೋಟೆಯ ಒಳಗೆ ಉಳಿಯುವ ಆಸೆ ಬಿಟ್ಟು ಹೊರಗೆ ಉಳಿಯಿರಿ. ಒಳಗೆ ಬೇಕಾದಷ್ಟು ಹೊತ್ತು ಸುತ್ತಾಡಿ.

ರಿಪೇರಿಯ ಬಗ್ಗೆಯೂ ಹೇಳಬೇಕು. ಹಳೆಯ ಗೋಡೆಗಳಲ್ಲಿ ಇರುವುದು ಸುಣ್ಣದ ಗಾರೆ. ಅದು ತೇವ ಹೀರುತ್ತದೆ, ಬಿಡುತ್ತದೆ, ಗೋಡೆ ಸ್ವಲ್ಪ ಅಲುಗಿದರೂ ತಡೆದುಕೊಳ್ಳುತ್ತದೆ. ಅದರ ಜಾಗದಲ್ಲಿ ಸಿಮೆಂಟ್ ಮೆತ್ತಿದರೆ ನೋಡಲು ಗಟ್ಟಿ, ಆದರೆ ತೇವ ಒಳಗೇ ಸಿಕ್ಕಿಹಾಕಿಕೊಂಡು ಪಕ್ಕದ ಕಲ್ಲನ್ನೇ ತಿನ್ನುತ್ತದೆ. ಬೂದು ಬಣ್ಣದ ತೇಪೆ ಕಂಡ ಕಡೆ ಸುತ್ತಲಿನ ಕಲ್ಲು ಗಮನಿಸಿ, ಅಂಚು ಪುಡಿಪುಡಿಯಾಗಿ ಉದುರುತ್ತಿರುತ್ತದೆ. ಇನ್ನೊಂದು ಆಲ ಮತ್ತು ಅರಳಿ. ಹಕ್ಕಿ ಬೀಳಿಸಿದ ಬೀಜ ಸಂದಿಯಲ್ಲಿ ಮೊಳೆತು, ಬೇರು ಕಲ್ಲುಗಳನ್ನು ಬೇರೆ ಮಾಡುತ್ತದೆ. ಚಿಕ್ಕದಿದ್ದಾಗಲೇ ಕಿತ್ತರೆ ಸರಿ, ದೊಡ್ಡದಾದ ಮೇಲೆ ಮರ ಕಿತ್ತರೆ ಗೋಡೆಯೂ ಬರುತ್ತದೆ.

ಎಷ್ಟು ರಿಪೇರಿ ಮಾಡಬೇಕು ಅನ್ನುವುದೂ ಸುಲಭದ ಪ್ರಶ್ನೆ ಅಲ್ಲ. ಫ್ರಾನ್ಸಿನ ಕಾರ್ಕಸೋನ್ ಪಟ್ಟಣದ ಜೋಡಿ ಗೋಡೆ, 52 ಗೋಪುರಗಳು ಹಾಳುಬಿದ್ದು, ಸರ್ಕಾರವೇ ಕೆಡವಲು ಹೊರಟಿತ್ತು. ಊರಿನವರು ಗಲಾಟೆ ಮಾಡಿ ಉಳಿಸಿಕೊಂಡರು. 1853ರಿಂದ ವಾಸ್ತುಶಿಲ್ಪಿ ವಿಯೊಲೆ-ಲ-ಡುಕ್ ಅದನ್ನು ಸರಿಪಡಿಸಿದ. ಗೋಪುರಗಳಿಗೆ ಅವನು ಇಟ್ಟ ಚೂಪು ಮಾಡುಗಳು ಆ ಸೀಮೆಯವೇ ಅಲ್ಲ, ಉತ್ತರದ ಶೈಲಿ ಅಂತ ಬೈದವರು ಬಹಳ. ನನಗೆ ಅವನ ಮೇಲೆ ಸಿಟ್ಟಿಲ್ಲ. ಮಾಡು ಬದಲಾಗಿರಬಹುದು, ಕೋಟೆ ಉಳಿಯಿತಲ್ಲ. ಆದರೆ ಇಲ್ಲದ್ದನ್ನು ಹೊಸದಾಗಿ ಕಟ್ಟಿ ಹಳೆಯದು ಅಂತ ತೋರಿಸುವುದು ಮಾತ್ರ ನನಗೆ ಒಪ್ಪಿಗೆ ಇಲ್ಲ. ಅರ್ಧ ಬಿದ್ದ ಗೋಡೆಗೆ ಅರ್ಧ ಬಿದ್ದಂತೆಯೇ ನಿಲ್ಲುವ ಹಕ್ಕಿದೆ.

ಗೋಡೆಯ ಮೇಲೆ ಹೆಸರು ಕೆತ್ತುವವರಿಗೆ, ಹೊಂಡಕ್ಕೆ ಬಾಟಲಿ ಎಸೆಯುವವರಿಗೆ ಏನು ಹೇಳಬೇಕೋ. ನಾನು ಕಂಡಾಗ ಹೇಳುತ್ತೇನೆ, ಸಿಟ್ಟು ಮಾಡಿಕೊಳ್ಳದೆ ಹೇಳುತ್ತೇನೆ. ಈ ಹೊಂಡದ ನೀರು ಒಂದು ಕಾಲದಲ್ಲಿ ಇಷ್ಟು ಜನರ ಪ್ರಾಣ ಆಗಿತ್ತು ಅಂತ ವಿವರಿಸಿದರೆ ಹುಡುಗರು ಕೇಳುತ್ತಾರೆ. ಒಮ್ಮೆ ಒಬ್ಬ ಹುಡುಗ ಎಸೆದ ಬಾಟಲಿಯನ್ನು ತಾನೇ ಇಳಿದು ತೆಗೆದುಕೊಂಡು ಬಂದ.

ಹೋಗುವವರಿಗೆ ಒಂದೆರಡು ಮಾತು. ಕಲ್ಲಿನ ಕೋಟೆಗೆ ಬೇಸಿಗೆಯ ಮಧ್ಯಾಹ್ನ ಹೋಗಬೇಡಿ, ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಬೆಳಗಿನ ಓರೆ ಬಿಸಿಲಲ್ಲಿ ಉಳಿಯ ಗುರುತು, ಸವೆದ ಕೆತ್ತನೆ ಎಲ್ಲ ಚೆನ್ನಾಗಿ ಎದ್ದು ಕಾಣುತ್ತವೆ. ಮಳೆಯಲ್ಲಿ ಬಂಡೆ ಜಾರುತ್ತದೆ, ಒಳ್ಳೆಯ ಹಿಡಿತದ ಶೂ ಇಲ್ಲದೆ ಹತ್ತಬೇಡಿ. ಗೈಡ್ ತೆಗೆದುಕೊಳ್ಳಿ. ಗೋಲ್ಕೊಂಡದ ಫತೇ ದರ್ವಾಜಾದಲ್ಲಿ ಚಪ್ಪಾಳೆ ತಟ್ಟಿದರೆ ಮೇಲಿನ ಬಾಲಾ ಹಿಸಾರ್‌ನಲ್ಲಿ ಕೇಳುವುದನ್ನು ತೋರಿಸಲು ಎರಡು ಕಡೆ ಜನ ಬೇಕು, ಅದು ಗೈಡ್‌ಗಳಿಗೆ ನೀರು ಕುಡಿದಷ್ಟು ಸಲೀಸು. ಅವರು ಹೇಳುವುದರಲ್ಲಿ ಇತಿಹಾಸ ಎಷ್ಟು, ಕಥೆ ಎಷ್ಟು ಅಂತ ಮನೆಗೆ ಬಂದು ಓದಿ ನೋಡಿ. ಎರಡೂ ಬೇಕು. ವಯಸ್ಸಾದವರು ಜೊತೆಗಿದ್ದರೆ ತುದಿಯವರೆಗೆ ಎಳೆದುಕೊಂಡು ಹೋಗುವ ಹಟ ಬೇಡ. ಮೊದಲ ಬಾಗಿಲು, ಕಂದಕ, ಕೆಳಗಿನ ಹೊಂಡ, ಇವಿಷ್ಟನ್ನೇ ನಿಧಾನವಾಗಿ ನೋಡಿದರೂ ಅರ್ಧ ದಿನ ಸಾಲುವುದಿಲ್ಲ.

ನಾನು ಮುಂದೆ ಹೊರಟಿರುವುದು ತಮಿಳುನಾಡಿನ ಸೆಂಜಿಗೆ, ಜಿಂಜಿ ಅಂತಲೂ ಅನ್ನುತ್ತಾರೆ. ರಾಜಗಿರಿ, ಕೃಷ್ಣಗಿರಿ, ಚಂದ್ರಗಿರಿ ಮೂರು ಗುಡ್ಡಗಳನ್ನು ಗೋಡೆಯಿಂದ ಸೇರಿಸಿ ಮಾಡಿದ ಕೋಟೆ. ಶಿವಾಜಿಯ ಮಗ ರಾಜಾರಾಮ ಅಲ್ಲಿ ಕೂತು ಮೊಘಲರಿಗೆ ವರ್ಷಗಟ್ಟಲೆ ಸಿಗಲಿಲ್ಲ, ಕೋಟೆ ಅವರ ಕೈಗೆ ಬಂದದ್ದು 1698ರಲ್ಲಿ. 2025ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮರಾಠರ 12 ಕೋಟೆಗಳಲ್ಲಿ ಮಹಾರಾಷ್ಟ್ರದ ಹೊರಗಿನದ್ದು ಇದೊಂದೇ. ಬೆಳಗ್ಗೆ ರಾಜಗಿರಿ, ಬಿಸಿಲು ಇಳಿದ ಮೇಲೆ ಕೃಷ್ಣಗಿರಿ ಅಂತ ಅಂದುಕೊಂಡಿದ್ದೇನೆ. ಹೋಗಿ ಬಂದವರು ಯಾರಾದರೂ ಇದ್ದರೆ ಈ ಕ್ರಮ ಸರಿಯೋ, ತಿರುಗಾಮುರುಗಾ ಮಾಡಬೇಕೋ ಹೇಳಿ.